ಅಕ್ಕನ ದುಡ್ಡು

“ನಾನೂರು ಕಟ್ಟು ಆ ಬ್ಯಾಗಲ್ಲಿ ಹಿಡಿಯಲ್ಲ ಕಣೇ” ಅಂದಳು ಅಕ್ಕ.

ರಾತ್ರಿ ಹನ್ನೊಂದು ದಾಟಿತ್ತು. ನಾನು ಹಾಸ್ಟೆಲಿನ ಟೆರೇಸಿನಲ್ಲಿದ್ದೆ, ಅವಳು ಸಾಗರದ ಹತ್ತಿರದ ನಮ್ಮ ಮನೆಯ ಅಡುಗೆಮನೆಯಲ್ಲಿ. ಇಬ್ಬರ ಕೈಯಲ್ಲೂ ಒಂದೇ ಕೊರಿಯನ್ ಧಾರಾವಾಹಿ, ಒಂದೇ ಕಂತು. ಅದರಲ್ಲಿ ಹಿರಿಯ ಅಕ್ಕನಿಗೆ ಸತ್ತುಹೋದ ಗೆಳತಿಯೊಬ್ಬಳು ಒಂದು ದೊಡ್ಡ ಬ್ಯಾಗು ಬಿಟ್ಟುಹೋಗಿರುತ್ತಾಳೆ. ಒಳಗೆ 200 ಕೋಟಿ ವಾನ್ ನಗದು. ನಮ್ಮ ಲೆಕ್ಕದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಮೇಲೆ. ನಾನು ಆ ನಾಯಕಿಯ ಮುಖ ನೋಡುತ್ತಿದ್ದೆ. ಅಕ್ಕ ನೋಟು ಎಣಿಸುತ್ತಿದ್ದಳು. ಅವಳು ಊರ ಸೊಸೈಟಿಯಲ್ಲಿ ಕ್ಯಾಷಿಯರ್. ಕೊರಿಯಾದ ಅತಿ ದೊಡ್ಡ ನೋಟು ಎಷ್ಟರದ್ದು ಎಂದು ನನ್ನಿಂದ ಹುಡುಕಿಸಿದಳು. 50,000 ವಾನ್. ಹಾಗಾದರೆ 40,000 ನೋಟು, ನೂರರ 400 ಕಟ್ಟು. “ಹಿಡಿದ್ರೂ ಅವ್ಳ ಕೈಲಿ ಎತ್ತಕ್ಕಾಗಲ್ಲ ಬಿಡು” ಎಂದು ತೀರ್ಪು ಕೊಟ್ಟು ವಿಡಿಯೋ ಮುಂದಕ್ಕೆ ಓಡಿಸಿದಳು.

ಧಾರಾವಾಹಿಯ ಹೆಸರು ‘ಲಿಟಲ್ ವಿಮೆನ್’. ಟಿವಿಎನ್ ಎಂಬ ವಾಹಿನಿಯಲ್ಲಿ 2022ರ ಸೆಪ್ಟೆಂಬರ್ 3ರಿಂದ ಶನಿವಾರ, ಭಾನುವಾರ ಬಂತು, ನಮಗೆ ನೆಟ್‌ಫ್ಲಿಕ್ಸಿನಲ್ಲಿ ಸಿಗುತ್ತದೆ. ಒಟ್ಟು 12 ಕಂತು. ಇದನ್ನು ಬರೆಯುವ ಹೊತ್ತಿಗೆ ಆರು ಮುಗಿದಿದ್ದವು. ಲೂಯಿಸಾ ಮೇ ಆಲ್ಕಾಟ್ 1868 ಮತ್ತು 69ರಲ್ಲಿ ಎರಡು ಭಾಗವಾಗಿ ಪ್ರಕಟಿಸಿದ ಅದೇ ಹೆಸರಿನ ಅಮೆರಿಕನ್ ಕಾದಂಬರಿಯನ್ನು ಇದು ಆಧರಿಸಿದೆ ಎನ್ನುತ್ತಾರೆ. ಆದರೆ ಕಾದಂಬರಿ ಓದಿದವರು ಮೊದಲ ಕಂತು ನೋಡಿದರೆ ಗಾಬರಿಯಾಗುತ್ತಾರೆ. ಕಪಾಟಿನಲ್ಲಿ ಹೆಣ, ಕಂಪನಿಯ ಕಪ್ಪುಹಣ, ಸೋಲ್ ನಗರದ ಮೇಯರ್ ಆಗಲು ಹೊರಟ ರಾಜಕಾರಣಿ, ಸಾವು ನಡೆದಲ್ಲೆಲ್ಲ ಕಾಣಿಸಿಕೊಳ್ಳುವ ಒಂದು ನೀಲಿ ಆರ್ಕಿಡ್. ಬೆಂಕಿಯ ಸುತ್ತ ಕೂತು ಅಪ್ಪನ ಕಾಗದ ಕೇಳುವ ನಾಲ್ವರು ಹುಡುಗಿಯರು ಎಲ್ಲಿ ಹೋದರು?

ನಮ್ಮ ವಿಭಾಗದ ಗೆಳತಿಯೊಬ್ಬಳು ಎರಡನೇ ಕಂತಿಗೇ ಬಿಟ್ಟಳು. “ಹೆಸರೊಂದನ್ನ ಕದ್ದಿದಾರೆ ಅಷ್ಟೇ” ಎಂಬುದು ಅವಳ ದೂರು. ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಯಾಕೆಂದರೆ ನನ್ನ ಸಂಶೋಧನೆಯೇ ರೂಪಾಂತರಗಳ ಮೇಲೆ. ಎಂ.ಎಸ್. ಪುಟ್ಟಣ್ಣನವರು ಕಿಂಗ್ ಲಿಯರನ್ನು ‘ಹೇಮಚಂದ್ರರಾಜವಿಲಾಸ’ ಮಾಡಿದ್ದು, ಕುವೆಂಪು ಹ್ಯಾಮ್ಲೆಟನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದದ್ದು, ಇಂಥವನ್ನೇ ನಾಲ್ಕು ವರ್ಷದಿಂದ ಅಗೆಯುತ್ತಿದ್ದೇನೆ. ಬಿದನೂರಿನ ಹ್ಯಾಮ್ಲೆಟ್‌ಗೆ ಡೆನ್ಮಾರ್ಕಿನ ಚಳಿ ಯಾಕಿಲ್ಲ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಯಾವುದನ್ನು ಬಿಟ್ಟರು ಎಂಬುದಕ್ಕಿಂತ ಯಾವುದನ್ನು ಬಿಡಲಾಗಲಿಲ್ಲ ಎಂದು ನೋಡುವುದು ವಾಸಿ ಎಂಬಷ್ಟನ್ನಾದರೂ ಈ ನಾಲ್ಕು ವರ್ಷ ಕಲಿಸಿದೆ.

ಈ ಧಾರಾವಾಹಿಯನ್ನು ಬರೆದ ಚುಂಗ್ ಸಿಯೋ-ಕ್ಯುಂಗ್ ಹೊಸಬರಲ್ಲ. ಪಾರ್ಕ್ ಚಾನ್-ವೂಕ್ ನಿರ್ದೇಶಿಸಿದ ‘ದ ಹ್ಯಾಂಡ್‌ಮೇಡನ್’ ಚಿತ್ರಕಥೆಯಲ್ಲಿ ಅವರ ಕೈಯಿದೆ. ಅದು ಸಾರಾ ವಾಟರ್ಸ್ ಅವರ ‘ಫಿಂಗರ್‌ಸ್ಮಿತ್’ ಕಾದಂಬರಿಯ ವಿಕ್ಟೋರಿಯಾ ಕಾಲದ ಲಂಡನ್ನನ್ನು ಜಪಾನೀಯರ ಆಳ್ವಿಕೆಯ ಕೊರಿಯಾಕ್ಕೆ ಎತ್ತಿ ತಂದ ಚಿತ್ರ. ಎಮಿಲ್ ಜೋಲಾನ ‘ತೆರೇಸ್ ರಾಕಾಂ’ ಆಧರಿಸಿ ರಕ್ತಪಿಶಾಚಿಯ ಸಿನಿಮಾ ಮಾಡಿದ್ದರಲ್ಲೂ ಇದೇ ಜೋಡಿ ಇತ್ತು. ಹೀಗೆ ಹಳೆಯ ಪುಸ್ತಕವನ್ನು ದೂರ ಒಯ್ಯುವುದು ಆಕೆಗೆ ರೂಢಿಯಾದ ಕೆಲಸ. ಆಕೆ ಈ ಸಲ ಬಿಡಲಾಗದೆ ಉಳಿಸಿಕೊಂಡಿರುವುದು ಒಂದೇ: ದುಡ್ಡು.

ಕಾದಂಬರಿ ಶುರುವಾಗುವುದೇ ಕ್ರಿಸ್‌ಮಸ್ಸಿಗೆ ಉಡುಗೊರೆ ಕೊಳ್ಳಲು ದುಡ್ಡಿಲ್ಲ ಎಂಬ ಗೊಣಗಾಟದಿಂದ. ಧಾರಾವಾಹಿ ಶುರುವಾಗುವುದು ಕೊನೆಯ ತಂಗಿ ಇನ್-ಹ್ಯೆಯ ಹುಟ್ಟುಹಬ್ಬದಿಂದ. ಕಟ್ಟಡ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುವ, ಆಫೀಸಿನಲ್ಲಿ ಯಾರೂ ಜೊತೆಗೆ ಊಟಕ್ಕೆ ಕರೆಯದ ಇನ್-ಜು ಮತ್ತು ಟಿವಿ ವರದಿಗಾರ್ತಿ ಇನ್-ಕ್ಯುಂಗ್ ಇಬ್ಬರೂ ಸೇರಿ, ಕಲಾಶಾಲೆಯಲ್ಲಿ ಓದುವ ತಂಗಿಯ ಯುರೋಪ್ ಪ್ರವಾಸಕ್ಕೆಂದು ಹಣ ಕೂಡಿಸಿ ಕೊಡುತ್ತಾರೆ. ಅಮ್ಮ ಅದನ್ನು ಎತ್ತಿಕೊಂಡು, ಸಾಲ ಮಾಡಿ ತಲೆಮರೆಸಿಕೊಂಡ ಗಂಡ ಇರುವ ಫಿಲಿಪ್ಪೀನ್ಸಿಗೆ ಹೊರಟುಹೋಗುತ್ತಾಳೆ. ಲೋಕದ ಎಲ್ಲ ಅಮ್ಮಂದಿರಿಗೂ ಮಾದರಿ ಎಂಬಂತಿದ್ದ ಮಿಸೆಸ್ ಮಾರ್ಚ್‌ಳನ್ನು ಹೀಗೆ ಕಳ್ಳಿ ಮಾಡಿದ್ದು ನೋಡಿ ನನಗೆ ಜೋರಾಗಿ ನಗು ಬಂತು. ಅಕ್ಕನಿಗೆ ಬರಲಿಲ್ಲ. “ಥೂ, ಹೆತ್ತವಳಾ ಇವ್ಳು” ಎಂದು ಫೋನಿಟ್ಟಳು. ಅವತ್ತು ಮತ್ತೆ ನೋಡಲಿಲ್ಲ.

ಬೆತ್ ಎಲ್ಲಿ ಎಂದು ಹುಡುಕುತ್ತಿದ್ದೆ. ಇಲ್ಲಿರುವುದು ಮೂವರೇ. ಇನ್ನೊಬ್ಬಳಿದ್ದಳು, ಚಿಕ್ಕವಳಿದ್ದಾಗಲೇ ತೀರಿಕೊಂಡಳು ಎಂಬುದು ತಡವಾಗಿ ತಿಳಿಯುತ್ತದೆ. ಕಾದಂಬರಿಯಲ್ಲಿ ಬೆತ್‌ಳ ಸಾವಿಗೆ ನೂರಾರು ಪುಟಗಳ ಸಿದ್ಧತೆಯಿದೆ, ಪಿಯಾನೋ ಇದೆ, ಎಲ್ಲರ ಕಣ್ಣೀರಿದೆ. ಇಲ್ಲಿ ಅದಕ್ಕೆಲ್ಲ ಪುರುಸೊತ್ತಿಲ್ಲ. ಬಡವರ ಮನೆಯಲ್ಲಿ ಸತ್ತ ಮಗುವಿನ ಮಾತು ಬರುವುದು ಹಾಗೆಯೇ ತಾನೆ, ಬೇರೆ ಏನನ್ನೋ ಹೇಳುತ್ತಿರುವಾಗ.

ಧಾರಾವಾಹಿಯಲ್ಲಿ ತಪ್ಪಿಲ್ಲವೆಂದಲ್ಲ. ಶ್ರೀಮಂತ ದಂಪತಿ ವಿಷದ ಹಲ್ಲು ಕಿಸಿದುಕೊಂಡೇ ನಡೆಯುತ್ತಾರೆ. ಆ ಆರ್ಕಿಡ್ ಪ್ರತಿ ಕಂತಿನಲ್ಲೂ ಇಣುಕಿ ನೋಡಿ ನನಗಂತೂ ಸಾಕಾಗಿದೆ. ಕಿಮ್ ಗೊ-ಉನ್ ಅದ್ಭುತ ನಟಿ, ಆದರೆ ಆಕೆ ಹಾಕುವ ಬಟ್ಟೆ ನೋಡಿದರೆ ಬಡವಿ ಎಂದು ನಂಬುವುದು ಕಷ್ಟ. ನಡುವಿನವಳು ಇನ್-ಕ್ಯುಂಗ್ ಹೆಚ್ಚು ನಂಬಿಕೆ ಹುಟ್ಟಿಸುತ್ತಾಳೆ. ಆಕೆಗೆ ಕುಡಿತದ ಚಟ. ಬಾಯಿ ಮುಕ್ಕಳಿಸುವ ದ್ರಾವಣದ ಬಾಟಲಿಯಲ್ಲಿ ಟಕೀಲಾ ತುಂಬಿಟ್ಟುಕೊಂಡು ವರದಿಗೆ ಹೋಗುತ್ತಾಳೆ. ಜೋ ಮಾರ್ಚ್ ಇವತ್ತು ಪತ್ರಕರ್ತೆಯಾಗಿದ್ದರೆ ಹೀಗೇ ಇರುತ್ತಿದ್ದಳೋ ಏನೋ.

ಜೋ ಎಂದಾಗ ಇನ್ನೊಂದು ನೆನಪಾಗುತ್ತದೆ. ಕಾದಂಬರಿಯಲ್ಲಿ ಜೋ ಮನೆಯ ಖರ್ಚಿಗಾಗಿ ಕೊಲೆ, ಸೇಡು, ಹುಚ್ಚುಪ್ರೇಮದ ಅಗ್ಗದ ಕಥೆಗಳನ್ನು ಹೆಸರು ಹಾಕದೆ ಪತ್ರಿಕೆಗೆ ಬರೆಯುತ್ತಾಳೆ. ಪ್ರೊಫೆಸರ್ ಭಾಯರ್ ಅಂಥ ಕಥೆಗಳನ್ನು ಹಳಿದಾಗ ನಾಚಿ ಅವನ್ನೆಲ್ಲ ಒಲೆಗೆ ಹಾಕುತ್ತಾಳೆ. ಮೊದಲ ಸಲ ಓದಿದಾಗ ನನಗೆ ಆ ಪ್ರೊಫೆಸರ್ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. (ನನ್ನ ಗೈಡ್ ಇದನ್ನು ಓದಿದರೆ, ಸರ್, ಇದು ನಿಮ್ಮ ಬಗ್ಗೆ ಅಲ್ಲ.) ಆದರೆ ಆಲ್ಕಾಟ್ ಸ್ವತಃ ಸುಡಲಿಲ್ಲ. ಎ.ಎಂ. ಬರ್ನಾರ್ಡ್ ಎಂಬ ಹೆಸರಿನಲ್ಲಿ ಆಕೆ ಬರೆದ ರೋಮಾಂಚಕ ಕಥೆಗಳಿವೆ. 1866ರ ‘ಬಿಹೈಂಡ್ ಎ ಮಾಸ್ಕ್’ನಲ್ಲಿ ಒಬ್ಬ ಗವರ್ನೆಸ್ ಶ್ರೀಮಂತರ ಮನೆಗೆ ಹೊಕ್ಕು ಇಡೀ ಮನೆಯನ್ನೇ ನಾಟಕವಾಡಿಸಿ ಗೆಲ್ಲುತ್ತಾಳೆ, ಕೊನೆಗೆ ಶಿಕ್ಷೆಯೂ ಆಗುವುದಿಲ್ಲ. ಆ ಬರ್ನಾರ್ಡ್ ಆಲ್ಕಾಟೇ ಎಂಬುದು ಹೊರಬಿದ್ದದ್ದು 1943ರಲ್ಲಿ, ಲಿಯೋನಾ ರೋಸ್ಟೆನ್‌ಬರ್ಗ್ ಎಂಬ ಸಂಶೋಧಕಿಯಿಂದ. ಆಲ್ಕಾಟ್ ತೀರಿಕೊಂಡು ಆಗಲೇ 55 ವರ್ಷ. ‘ಲಿಟಲ್ ವಿಮೆನ್’ ಆಕೆ ಆಸೆಪಟ್ಟು ಬರೆದ ಪುಸ್ತಕವಲ್ಲ. ಹುಡುಗಿಯರಿಗೆ ಒಂದು ಪುಸ್ತಕ ಬೇಕು ಎಂದು ಪ್ರಕಾಶಕರು ಕೇಳಿದ್ದಕ್ಕೆ, ಮನೆಗೆ ದುಡ್ಡು ಬೇಕಿತ್ತು ಎಂಬುದಕ್ಕೆ ಬರೆದದ್ದು. ಅಪ್ಪ ಬ್ರಾನ್ಸನ್ ಆಲ್ಕಾಟ್ ದೊಡ್ಡ ಆದರ್ಶವಾದಿ, ಗಳಿಕೆ ಸೊನ್ನೆ. 1843ರಲ್ಲಿ ಎಲ್ಲರೂ ಸಮಾನವಾಗಿ ದುಡಿದು ಬದುಕುವ ಒಂದು ಆಶ್ರಮ ಕಟ್ಟಲು ಹೋಗಿ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಸಂಸಾರವನ್ನು ಉಪವಾಸಕ್ಕೆ ತಂದ ಮನುಷ್ಯ. ಲೂಯಿಸಾ ಹೊಲಿಗೆ ಮಾಡಿದಳು, ಪಾಠ ಹೇಳಿದಳು, ಇನ್ನೊಬ್ಬರ ಮನೆಗೆಲಸಕ್ಕೂ ಹೋದಳು. ಹಾಗಾಗಿ ಕೊಲೆ ಮತ್ತು ಕಪ್ಪುಹಣ ತುಂಬಿದ ಈ ಕೊರಿಯನ್ ಕಥೆ ಆಲ್ಕಾಟಳಿಂದ ದೂರ ಹೋಗಿದೆ ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಬರ್ನಾರ್ಡ್ ಹೆಸರಿನಲ್ಲಿ ಬರೆಯುತ್ತಿದ್ದವಳಿಗೆ ಆ ನೀಲಿ ಆರ್ಕಿಡ್ ಇಷ್ಟವಾಗಿಯೇ ಆಗುತ್ತಿತ್ತು.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. “ಅಂದ್ರೆ ಅವ್ಳೂ ಮನೆ ನಡೆಸ್ತಿದ್ಲು ಅನ್ನು” ಅಂದಳು. ಅಷ್ಟೇ.

ಈಗ ನಮ್ಮ ಜಗಳದ ವಿಷಯಕ್ಕೆ ಬರುತ್ತೇನೆ.

ಇನ್-ಹ್ಯೆ ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಶ್ರೀಮಂತ ಗೆಳತಿ ಹ್ಯೊ-ರಿನ್‌ಳ ಹೆಸರಿನಲ್ಲಿ ಬರೆದುಕೊಡುತ್ತಾಳೆ, ಬಹುಮಾನ ಅವಳಿಗೆ ಹೋಗುತ್ತದೆ. ಅಕ್ಕಂದಿರಿಗೆ ಗೊತ್ತಾಗಿ ಕೆಂಡವಾಗುತ್ತಾರೆ. ಇತ್ತ ಆ ಮನೆಯವರು ಈಕೆಯ ಓದಿನ ಖರ್ಚು ನೋಡಿಕೊಳ್ಳಲು ಸಿದ್ಧ. ಈ ಹುಡುಗಿ ನಿಧಾನವಾಗಿ ಅಕ್ಕಂದಿರ ಮನೆ ಬಿಟ್ಟು ಆ ಮನೆಯ ಕಡೆ ವಾಲುತ್ತಾಳೆ. ದುರಾಸೆಯಲ್ಲ ಅದು. ಅಕ್ಕಂದಿರು ತಮಗೆಂದು ಏನನ್ನೂ ಇಟ್ಟುಕೊಳ್ಳದೆ ತನಗೆ ಕೊಡುವುದನ್ನು ಅವಳಿಂದ ಇನ್ನು ತೆಗೆದುಕೊಳ್ಳಲಾಗುತ್ತಿಲ್ಲ. ಹೊರಗಿನವರ ದುಡ್ಡಿಗೆ ಒಂದು ಚಿತ್ರ ಕೊಟ್ಟರೆ ಲೆಕ್ಕ ಚುಕ್ತಾ. ಅಕ್ಕಂದಿರ ದುಡ್ಡಿಗೆ ಏನು ಕೊಟ್ಟರೆ ಚುಕ್ತಾ ಆಗುತ್ತದೆ?

“ಸೊಕ್ಕು” ಅಂದಳು ಅಕ್ಕ. “ಆ ಇನ್-ಜು ಬ್ಯಾಗು ಹೊತ್ಕೊಂಡು ಸಾಯ್ತಾ ಇರೋದು ಇವ್ಳಿಗೋಸ್ಕರ ತಾನೆ? ತಂಗೀರ್ನ ಒಳ್ಳೆ ಮನೇಲಿ ಇಡ್ಬೇಕು ಅಂತ ತಾನೆ?”

“ಅವ್ಳು ಕೇಳಿದ್ಲಾ?” ಅಂದೆ.

“ಕೇಳ್ಬೇಕಾ?”

“ಕೇಳ್ದೇ ಕೊಟ್ಟಿದ್ದನ್ನ ಬೇಡ ಅನ್ನೋಕೂ ಆಗಲ್ಲ ಅಕ್ಕಾ. ಉಸಿರು ಕಟ್ಟುತ್ತೆ.”

ಆಚೆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ “ಹಾಲು ಉಕ್ತಾ ಇದೆ, ಇಡ್ತೀನಿ” ಅಂದಳು. ರಾತ್ರಿ ಹನ್ನೊಂದೂವರೆಗೆ ನಮ್ಮ ಮನೆಯಲ್ಲಿ ಯಾರೂ ಹಾಲು ಕಾಯಿಸುವುದಿಲ್ಲ.

ನಾನು ಇನ್-ಹ್ಯೆಯ ಮಾತಾಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನಿಗೂ ಗೊತ್ತು, ನನಗೂ ಗೊತ್ತು. ಅಪ್ಪ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿ ಅಂಗಡಿ ಕಳೆದುಕೊಂಡ ವರ್ಷ ಅವಳು ಬಿ.ಕಾಂ. ಮುಗಿಸಿದ್ದಳು. ಎಂ.ಕಾಂ. ಅರ್ಜಿ ತುಂಬಿದ್ದಳು, ಹಾಕಲಿಲ್ಲ. (ಕಾದಂಬರಿಯ ಮಿಸ್ಟರ್ ಮಾರ್ಚ್ ಕೂಡ ಸ್ನೇಹಿತನಿಗೆ ಸಹಾಯ ಮಾಡಲು ಹೋಗಿಯೇ ಆಸ್ತಿ ಕಳೆದುಕೊಂಡವನು. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಓಡಾಡಿ ಬಂದಿದ್ದೆ.) ನನ್ನ ಬಿ.ಎ., ಎಂ.ಎ., ಅರ್ಹತಾ ಪರೀಕ್ಷೆಯ ಪುಸ್ತಕ, ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಛಾರ್ಜು ಎಲ್ಲ ಸೊಸೈಟಿಯ ಸಂಬಳದಲ್ಲೇ. ಅವಳ ಮದುವೆಯ ಮಾತು ಎರಡು ಸಲ ಮುಂದಕ್ಕೆ ಹೋಯಿತು. ಅದಕ್ಕೆ ಕಾರಣ ನಾನಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಫೆಲೋಶಿಪ್ ಬಂದು ಈಗ ಐದು ತಿಂಗಳಾಯಿತು. ಬರಲಿದೆ ಎನ್ನುತ್ತಾರೆ. ಈ ಐದು ತಿಂಗಳೂ ಒಂದನೇ ತಾರೀಕಿಗೆ ನನ್ನ ಫೋನಿನಲ್ಲಿ ಒಂದು ಸದ್ದಾಗುತ್ತದೆ: ಮೂರು ಸಾವಿರ, ಕೆಳಗೆ ‘ಮೆಸ್ಸಿಗೆ’ ಎಂದು. ಒಂದು ತಿಂಗಳು ಹಾಗೆ ಬಂದ ದುಡ್ಡಿನಲ್ಲಿ ನಾನು ಒಂದು ಕುರ್ತಾ ತೆಗೆದುಕೊಂಡೆ. ಊರಿಗೆ ಹೋಗುವಾಗ ಅದನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋದೆ.

ಜಗಳವಾದ ಮೇಲೆ ನಿದ್ದೆ ಬರಲಿಲ್ಲ. ಪ್ರಬಂಧಕ್ಕೆ ಸಂಬಂಧವಿಲ್ಲದ್ದನ್ನು ಓದುವುದು ಸಂಶೋಧನಾ ವಿದ್ಯಾರ್ಥಿಗಳ ಹಳೆಯ ರೋಗ. ಅವತ್ತು ಮೇ ಆಲ್ಕಾಟಳ ಬಗ್ಗೆ ಓದುತ್ತ ಕೂತೆ. ಈಕೆ ಲೂಯಿಸಾಳ ಕೊನೆಯ ತಂಗಿ, ಚಿತ್ರಕಾರ್ತಿ. ಕಾದಂಬರಿಯ ಏಮಿ ಈಕೆಯೇ, ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದ್ದಷ್ಟೇ. ಕಾದಂಬರಿಯಲ್ಲಿ ಏಮಿಯನ್ನು ಯುರೋಪಿಗೆ ಕರೆದೊಯ್ಯುವುದು ಶ್ರೀಮಂತ ಅತ್ತೆ. ಜೋಗೆ ಹೋಗಬೇಕಿತ್ತು, ಸಿಗಲಿಲ್ಲ. ನಿಜವಾಗಿ ನಡೆದದ್ದು ಬೇರೆ. ಮೇ ಯುರೋಪಿನಲ್ಲಿ ಕಲೆ ಕಲಿಯಲು ಹೋದದ್ದು ಅಕ್ಕನ ದುಡ್ಡಿನಲ್ಲಿ, ‘ಲಿಟಲ್ ವಿಮೆನ್’ ತಂದುಕೊಟ್ಟ ದುಡ್ಡಿನಲ್ಲಿ. ಆ ಪುಸ್ತಕದ ಮೊದಲ ಮುದ್ರಣಕ್ಕೆ ಚಿತ್ರ ಬರೆದವಳೂ ಮೇ. ಅವು ಚೆನ್ನಾಗಿಲ್ಲ ಎಂದು ವಿಮರ್ಶಕರು ಬರೆದರು. ಅಕ್ಕನ ಮೊದಲ ದೊಡ್ಡ ಗೆಲುವಿನ ಪುಸ್ತಕದಲ್ಲೇ ತಂಗಿಯ ಸೋಲು ಅಚ್ಚಾಗಿ ಕೂತಿದೆ. ಆಮೇಲೆ ಕಲಿತಳು. 1877ರಲ್ಲಿ ಅವಳ ಚಿತ್ರವೊಂದು ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಆಯ್ಕೆಯಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. 1879ರಲ್ಲಿ ಮೇ ಒಂದು ಪುಟ್ಟ ಪುಸ್ತಕ ಪ್ರಕಟಿಸಿದಳು. ಹೊರದೇಶದಲ್ಲಿ ಕಲೆ ಕಲಿಯುವುದು ಹೇಗೆ, ಅದೂ ಕಡಿಮೆ ಖರ್ಚಿನಲ್ಲಿ ಹೇಗೆ ಎಂಬುದೇ ಅದರ ಹೆಸರು, ಅದೇ ಅದರ ವಿಷಯ. ಲಂಡನ್, ಪ್ಯಾರಿಸ್, ರೋಮ್ ನಗರಗಳಿಗೆ ಹೊರಟ ಅಮೆರಿಕದ ಹುಡುಗಿಯರಿಗೆ ಬರೆದ ಕೈಪಿಡಿ. ಆ ಶೀರ್ಷಿಕೆಯನ್ನು ನಾನು ನಾಲ್ಕೈದು ಸಲ ಓದಿದೆ. ಅಕ್ಕನ ದುಡ್ಡಿನಲ್ಲಿ ಪ್ಯಾರಿಸ್ಸಿಗೆ ಹೋದವಳು ಬರೆದದ್ದು ‘ಅಗ್ಗವಾಗಿ’ ಎಂಬುದರ ಬಗ್ಗೆ. ಅವಳೂ ಲೆಕ್ಕ ಇಡುತ್ತಿದ್ದಳು. ಬಾಡಿಗೆ, ಬಣ್ಣ, ಬ್ರೆಡ್ಡು. ಯಾರಿಗೂ ತೋರಿಸದೆ ಅಕ್ಕನ ಮುಂದೆ ಇಟ್ಟ ರಸೀತಿ ಅದು ಎಂದು ನನಗನ್ನಿಸಿತು. ನನ್ನ ಹಾಗೆ ಕುರ್ತಾ ಬಚ್ಚಿಟ್ಟವಳಿಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಮೇ ಲಂಡನ್ನಿನಲ್ಲಿ ಮದುವೆಯಾದಳು. ಅದೇ 1879ರ ಕೊನೆಗೆ, ಮಗಳು ಹುಟ್ಟಿ ಕೆಲವು ವಾರಗಳಲ್ಲಿ ತೀರಿಕೊಂಡಳು. ಮಗುವಿಗೆ ಅಕ್ಕನ ಹೆಸರನ್ನೇ ಇಟ್ಟಿದ್ದಳು, ಲೂಯಿಸಾ. ಆ ಮಗುವನ್ನು ಹಡಗಿನಲ್ಲಿ ಅಮೆರಿಕಕ್ಕೆ ಅಕ್ಕನ ಹತ್ತಿರ ಕಳಿಸಲಾಯಿತು, ತಾಯಿಯ ಆಸೆಯಂತೆ.

ಕಾದಂಬರಿಯನ್ನು ಬರೆದವಳು ಅಕ್ಕ. ಅದರಲ್ಲಿ ತಂಗಿ ಮೊದಲು ಸ್ವಾರ್ಥಿ, ಹಸ್ತಪ್ರತಿ ಸುಡುವವಳು. ಆಮೇಲೆ ಸುಧಾರಿಸಿ, ಶ್ರೀಮಂತ ಲಾರಿಯನ್ನು ಮದುವೆಯಾಗಿ ಎಲ್ಲ ಸರಿಹೋಗುವವಳು. ಯಾರದೋ ದುಡ್ಡಿನಲ್ಲಿ ಪ್ರೀತಿಸಿಕೊಳ್ಳುವುದು ಹೇಗಿರುತ್ತದೆ ಎಂದು ಏಮಿಯ ಬಾಯಿಂದ ನಾವು ಕೇಳುವುದೇ ಇಲ್ಲ. ಕೊರಿಯಾದ ಈ ಧಾರಾವಾಹಿ ಆ ಹುಡುಗಿಗೆ ಕೊನೆಗೂ ಬಾಯಿ ಕೊಟ್ಟಿದೆ. ನಾನು ಆರು ಕಂತು ಬಿಡದೆ ನೋಡಿದ್ದು ಅದಕ್ಕೇ, ಆರ್ಕಿಡ್‌ಗಾಗಿ ಅಲ್ಲ.

ಅಂದಹಾಗೆ ಆ 50,000 ವಾನ್ ನೋಟಿನ ಮೇಲೆ ಇರುವುದು ಶಿನ್ ಸೈಮ್‌ದಾಂಗ್ ಎಂಬ 16ನೇ ಶತಮಾನದ ಚಿತ್ರಕಾರ್ತಿ. ಹುಳು, ಹೂವು, ಕಲ್ಲಂಗಡಿ ಎಲ್ಲವನ್ನೂ ಸೊಗಸಾಗಿ ಬರೆದವಳು. ಆದರೆ ಕೊರಿಯಾದವರು ಅವಳನ್ನು ಹೆಚ್ಚಾಗಿ ನೆನೆಯುವುದು ಮಹಾಪಂಡಿತ ಯಿ ಐ ಎಂಬಾತನ ತಾಯಿಯಾಗಿ, ಆದರ್ಶ ಮಾತೆಯಾಗಿ. 2007ರಲ್ಲಿ ಅವಳನ್ನು ನೋಟಿಗೆ ಆರಿಸಿದಾಗ ಅಲ್ಲಿನ ಸ್ತ್ರೀವಾದಿಗಳು ತಕರಾರು ತೆಗೆದದ್ದೂ ಈ ಕಾರಣಕ್ಕೇ. ಇನ್-ಜುಳ ಬ್ಯಾಗಿನಲ್ಲಿ ಒಬ್ಬ ಚಿತ್ರಕಾರ್ತಿಯ ಮುಖ 40,000 ಸಲ ಇದೆ, ಮನೆಯಲ್ಲಿ ಒಬ್ಬ ಚಿತ್ರಕಾರ್ತಿ ಹೊರಟು ನಿಂತಿದ್ದಾಳೆ.

ಮೂರು ದಿನ ಅಕ್ಕ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಬುಧವಾರ ಸಂಜೆ ಲೈಬ್ರರಿಯಿಂದ ಇಳಿಯುತ್ತಿದ್ದಾಗ ಅವಳೇ ಮಾಡಿದಳು. ಜಗಳದ ಮಾತೇ ಇಲ್ಲ. ಅಡಿಕೆಗೆ ಕೊಳೆ ಬಂದದ್ದು, ಸೊಸೈಟಿಯಲ್ಲಿ ಆಡಿಟ್ ನಡೆಯುತ್ತಿರುವುದು, ಅಮ್ಮನ ಮಂಡಿನೋವು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು:

“ಅಲ್ವೇ, ಆ ಸಣ್ಣವ್ಳು ಯಾವಾಗ್ಲೂ ‘ಅನ್ನಿ, ಅನ್ನಿ’ ಅಂತಿರ್ತಾಳಲ್ಲ, ಅದು ಅಕ್ಕ ಅಂತ ತಾನೆ?”

“ಹೂಂ. ಹುಡುಗೀರು ಅಕ್ಕನಿಗೆ ಹಾಗೇ ಕರೆಯೋದು.”

“ಮತ್ತೆ ಕೆಳಗೆ ಇನ್-ಜು ಇನ್-ಜು ಅಂತ ಯಾಕೆ ಬರೀತಾರೆ?”

ಇಂಗ್ಲಿಷಿನಲ್ಲಿ ಅಕ್ಕನನ್ನು ಅಕ್ಕ ಎಂದು ಕರೆಯುವ ರೂಢಿಯಿಲ್ಲ, ಅದಕ್ಕೆ ಸಬ್‌ಟೈಟಲಿನಲ್ಲಿ ಹೆಸರು ಹಾಕುತ್ತಾರೆ ಎಂದೆ.

“ಅಯ್ಯೋ ಮಾರಾಯ್ತಿ, ನಾನು ಅಷ್ಟ್ ದಿನದಿಂದ ಇವ್ಳೆಷ್ಟು ಸೊಕ್ಕಿನವಳು, ಅಕ್ಕನ್ನ ಹೆಸರು ಹಿಡ್ದು ಕರೀತಾಳಲ್ಲ ಅಂದ್ಕೊಂಡಿದ್ದೆ” ಅಂದಳು. ನಕ್ಕಳು. ನಾನೂ ನಕ್ಕೆ. ಕುರ್ತಾದ ವಿಷಯ ಹೇಳಿಬಿಡಬೇಕು ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ, “ಶನಿವಾರ ಏಳನೇದು ಎಷ್ಟ್ ಹೊತ್ತಿಗೆ ಬರತ್ತೆ? ಬೇಗ ಊಟ ಮುಗ್ಸಿಡ್ತೀನಿ” ಎಂದು ಕೇಳಿದಳು.

ರಾತ್ರಿ ಒಂಬತ್ತಕ್ಕೆ ಶುರು ಮಾಡೋಣ ಅಂದೆ.